ತಟ್ಟಿ ನೋಡಿದ ಭೂಮಿ

ಅಕ್ಕನ ಮಗಳು ಶಾಲೆಯ ಪುಸ್ತಕ ತಂದು ಮುಂದೆ ಹಿಡಿದಳು. ಭೂಮಿಯ ಒಳಭಾಗದ ಚಿತ್ರ. ನಾವೆಲ್ಲ ನೋಡಿದ ಚಿತ್ರವೇ. ಮಾವಿನಹಣ್ಣಿನಿಂದ ಒಂದು ಹೋಳು ತೆಗೆದ ಹಾಗೆ ಭೂಮಿಯಿಂದ ಒಂದು ಹೋಳು ತೆಗೆದಿರುತ್ತಾರೆ. ಒಳಗೆ ಕಂದು, ಕಿತ್ತಳೆ, ಹಳದಿ ಬಣ್ಣದ ವೃತ್ತಗಳು. ಪಕ್ಕದಲ್ಲಿ ಬಾಣ ಎಳೆದು ಹೆಸರು ಬರೆದು, ಇಷ್ಟು ಕಿಲೋಮೀಟರ್ ಆಳ ಎಂದು ಅಂಕಿ ಹಾಕಿರುತ್ತಾರೆ. ಮರುದಿನಕ್ಕೆ ಅವಳು ಅದನ್ನು ಬರೆದುಕೊಂಡು ಹೋಗಬೇಕಿತ್ತು. ಕಿತ್ತಳೆ ಬಣ್ಣ ತುಂಬುತ್ತಾ ಕೇಳಿದಳು: “ಮಾಮ, ಇದನ್ನ ಯಾರು ಕೊಯ್ದು ನೋಡಿದ್ದು?”

ನಾನು ಓದುವಾಗ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. 2,900 ಕಿ.ಮೀ. ಎಂದು ಉರು ಹೊಡೆದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ, ಅಷ್ಟೇ. ಯಾರೂ ಕೊಯ್ದಿಲ್ಲ, ಯಾರೂ ಹೋಗಿಲ್ಲ. ಆದರೂ ಆ ಅಂಕಿ ಊಹೆಯಲ್ಲ. ಅದು ಹೇಗೆ ಸಿಕ್ಕಿತು ಎಂಬುದು ಭೂಕಂಪಗಳ ಕಥೆ. ಅವಳಿಗೆ ಆ ಸಂಜೆ ಹೇಳಲು ಹೊರಟದ್ದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಎಷ್ಟು ದೂರ ಇಳಿದಿದ್ದೇವೆ?

ಕನ್ನಡ ನಾಡಿನಲ್ಲಿ ಮನುಷ್ಯ ಅತಿ ಆಳಕ್ಕೆ ಇಳಿದ ಜಾಗ ಕೋಲಾರದ ಚಿನ್ನದ ಗಣಿ. 2001ರಲ್ಲಿ ಬಾಗಿಲು ಹಾಕುವ ಹೊತ್ತಿಗೆ ಅಲ್ಲಿನ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳ ಮುಟ್ಟಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟಿತ್ತು. ಮೇಲಿನಿಂದ ತಂಪು ಗಾಳಿ ಕಳಿಸದಿದ್ದರೆ ಅಲ್ಲಿ ಯಾರೂ ನಿಲ್ಲುವಂತಿರಲಿಲ್ಲ. ತಲೆಯ ಮೇಲೆ ಮೂರು ಕಿಲೋಮೀಟರ್ ಬಂಡೆಯ ಭಾರ. ಕೊರೆದ ಜಾಗದಲ್ಲಿ ಆ ಭಾರಕ್ಕೆ ಬಂಡೆ ಇದ್ದಕ್ಕಿದ್ದಂತೆ ಸಿಡಿದು ಕೆಲಸಗಾರರ ಮೇಲೆ ಬೀಳುತ್ತಿತ್ತು. ಹಾಗೆ ಸಿಡಿದಾಗ ಮೇಲಿನ ಊರಿನ ಮನೆಗಳೂ ಅದುರುತ್ತಿದ್ದವು. ಕೆಜಿಎಫ್‌ನವರಿಗೆ ನೆಲ ನಡುಗುವುದು ಹೊಸದಾಗಿರಲಿಲ್ಲ.

ಎಲ್ಲಕ್ಕಿಂತ ಆಳಕ್ಕೆ ಹೋದದ್ದು ಮನುಷ್ಯನಲ್ಲ, ಬೈರಿಗೆ. ರಷ್ಯಾದ ವಾಯವ್ಯ ಮೂಲೆಯ ಕೋಲಾ ಪರ್ಯಾಯದ್ವೀಪದಲ್ಲಿ 1970ರಲ್ಲಿ ಕೊರೆಯಲು ಶುರುಮಾಡಿ, 1989ರಲ್ಲಿ 12,262 ಮೀಟರ್ ತಲುಪಿದರು. ರಂಧ್ರದ ಅಗಲ ಒಂದು ಊಟದ ತಟ್ಟೆಯಷ್ಟು. ತಳದಲ್ಲಿ 100 ಡಿಗ್ರಿ ಇರಬಹುದೆಂದು ಎಣಿಸಿದ್ದರು, 180 ಇತ್ತು. ಬಂಡೆ ಮೆತ್ತಗಾಗಿ, ಕೊರೆದ ತೂತು ಮತ್ತೆ ಮುಚ್ಚಿಕೊಳ್ಳತೊಡಗಿತು. ಕೆಲಸ ಅಲ್ಲಿಗೇ ನಿಂತಿತು.

ಭೂಮಿಯ ನಡುಬಿಂದುವಿಗೆ ಇರುವ ದೂರ 6,371 ಕಿ.ಮೀ. ಅಂಕಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಆದ್ದರಿಂದ ರೈಲು ಹತ್ತೋಣ. ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಸುಮಾರು 139 ಕಿ.ಮೀ. ಬೆಂಗಳೂರು ನಿಲ್ದಾಣ ಭೂಮಿಯ ಮೇಲ್ಮೈ, ಮೈಸೂರು ನಿಲ್ದಾಣ ಭೂಮಿಯ ನಟ್ಟನಡು ಎಂದುಕೊಳ್ಳಿ. ಕೋಲಾರದ ಗಣಿಯವರು ಎಷ್ಟು ದೂರ ಬಂದ ಹಾಗಾಯಿತು? ಎಪ್ಪತ್ತು ಮೀಟರ್. ಮೂರು ಬೋಗಿಯ ಉದ್ದ. ಕೋಲಾದ ಬೈರಿಗೆ ಹನ್ನೆರಡು ಬೋಗಿಯಷ್ಟು ದೂರ ಬಂದಿದೆ, ಪ್ಲಾಟ್‌ಫಾರಂ ಇನ್ನೂ ಮುಗಿದಿಲ್ಲ. ಪ್ಲಾಟ್‌ಫಾರಂ ದಾಟದವರಿಗೆ ಮಂಡ್ಯದ ಆಚೆ ಏನಿದೆ ಎಂದು ತಿಳಿದದ್ದು ಹೇಗೆ?

ಗೆಣ್ಣಿನಿಂದ ಬಡಿದು ನೋಡುವುದು

ಸಂತೆಯಲ್ಲಿ ಮಡಕೆ ಕೊಳ್ಳುವ ಹೆಂಗಸರನ್ನು ನೋಡಿ. ಒಂದೊಂದನ್ನೇ ಎತ್ತಿ ಕಿವಿಯ ಹತ್ತಿರ ಹಿಡಿದು ಬೆರಳ ಗೆಣ್ಣಿನಿಂದ ಬಡಿಯುತ್ತಾರೆ. ಟಣ್ ಎಂದರೆ ಚೆನ್ನಾಗಿ ಸುಟ್ಟ ಮಡಕೆ. ಡಬ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ಹಲಸಿನ ಹಣ್ಣು ಬಲಿತಿದೆಯೇ ಎಂದು ತಿಳಿಯಲು ತಟ್ಟುತ್ತೇವೆ, ಎಣ್ಣೆ ಡಬ್ಬದಲ್ಲಿ ಎಣ್ಣೆ ಎಲ್ಲಿಯವರೆಗಿದೆ ಎಂದು ತಿಳಿಯಲೂ ತಟ್ಟುತ್ತೇವೆ. ಒಡೆಯದೆ ಒಳಗನ್ನು ತಿಳಿಯಬೇಕಾದಾಗ ನಮ್ಮ ಕೈ ತಾನಾಗಿ ಮಾಡುವ ಕೆಲಸ ಇದು. ತಟ್ಟಿದ ಪೆಟ್ಟು ಒಳಗೆ ಹೋಗಿ ಅಲ್ಲಿನ ಸುದ್ದಿ ಹೊತ್ತು ಹೊರಬರುತ್ತದೆ.

ಭೂಮಿಯನ್ನೂ ತಟ್ಟಿ ನೋಡಬಹುದು. ಆದರೆ ಅದಕ್ಕೆ ತಕ್ಕ ಗೆಣ್ಣು ನಮ್ಮಲ್ಲಿಲ್ಲ. ದೊಡ್ಡ ಬಾಂಬು ಸಿಡಿಸಬಹುದು, ಸಿಡಿಸಿದ್ದೂ ಉಂಟು. ಆದರೆ ಭೂಮಿ ತನ್ನನ್ನು ತಾನೇ ತಟ್ಟಿಕೊಳ್ಳುವ ಪೆಟ್ಟಿನ ಮುಂದೆ ಅದೇನೂ ಅಲ್ಲ.

ಪೆಟ್ಟು ಎಲ್ಲಿಂದ ಬರುತ್ತದೆ?

ಭಾರವಾದ ಕಬ್ಬಿಣದ ಬೀರುವನ್ನು ನೆಲದ ಮೇಲೆ ತಳ್ಳಿದ್ದೀರಾ? ತಳ್ಳುತ್ತೀರಿ, ಅಲುಗುವುದಿಲ್ಲ. ಇನ್ನೂ ಬಲ ಹಾಕುತ್ತೀರಿ, ಆಗಲೂ ಇಲ್ಲ. ಮತ್ತೊಂದಿಷ್ಟು ಹಾಕಿದಾಗ ಧಡಕ್ಕನೆ ಒಂದು ಗೇಣು ಜರುಗಿ ಮತ್ತೆ ಗಟ್ಟಿಯಾಗಿ ಕೂರುತ್ತದೆ. ಬೀರುವಿನ ಮೇಲಿಟ್ಟ ಪಾತ್ರೆಗಳು ಕೆಳಗೆ ಬೀಳುವುದು ತಳ್ಳುವಾಗ ಅಲ್ಲ, ಜರುಗುವಾಗ.

ಭೂಮಿಯ ಹೊರಭಾಗ ಒಂದೇ ಅಖಂಡ ಚಿಪ್ಪಲ್ಲ, ಹಲವು ದೊಡ್ಡ ಹಲಗೆಗಳ ಜೋಡಣೆ. ಭಾರತವನ್ನು ಹೊತ್ತ ಹಲಗೆ ವರ್ಷಕ್ಕೆ ಸುಮಾರು 5 ಸೆಂ.ಮೀ. ವೇಗದಲ್ಲಿ ಈಶಾನ್ಯಕ್ಕೆ ಸರಿಯುತ್ತಿದೆ, ಹೆಚ್ಚುಕಡಿಮೆ ನಮ್ಮ ಉಗುರು ಬೆಳೆಯುವ ವೇಗ. ಎದುರಿಗೆ ಏಷ್ಯಾದ ಹಲಗೆ ಇದೆ. ಹಲಗೆಗಳ ಅಂಚು ನುಣುಪಾಗಿಲ್ಲ, ಒರಟೊರಟು. ಅಂಚು ಒಂದಕ್ಕೊಂದು ಸಿಕ್ಕಿಕೊಂಡು ನಿಂತಿರುತ್ತದೆ, ಹಿಂದಿನ ಭಾಗ ಮಾತ್ರ ತಳ್ಳುತ್ತಲೇ ಇರುತ್ತದೆ. ಹಾಗಾದರೆ ನಡುವಿನ ಬಂಡೆ ಏನು ಮಾಡಬೇಕು? ಬಾಗುತ್ತದೆ. ಬಂಡೆ ಬಾಗುವುದೇ ಎಂದು ಕೇಳಬೇಡಿ. ಕಿಲೋಮೀಟರ್‌ಗಟ್ಟಲೆ ಉದ್ದದ ಬಂಡೆ ಒಂದೆರಡು ಮೀಟರ್ ಬಾಗಬಲ್ಲದು.

ಇದು ಹೊಳೆದದ್ದು 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪದ ನಂತರ. ಹೊಲಗಳ ನಡುವೆ ನೇರವಾಗಿ ಹಾಕಿದ್ದ ಬೇಲಿಗಳು ಬಿರುಕಿನ ಗೆರೆಯ ಮೇಲೆ ತುಂಡಾಗಿ, ಎರಡು ತುಂಡುಗಳು ಕೆಲವೆಡೆ ಐದಾರು ಮೀಟರ್ ಆಚೀಚೆ ಸರಿದು ನಿಂತಿದ್ದವು. ಹ್ಯಾರಿ ಫೀಲ್ಡಿಂಗ್ ರೀಡ್ ಎಂಬ ವಿಜ್ಞಾನಿ ಅದೇ ಪ್ರದೇಶದ ಹಳೆಯ ಭೂಮಾಪನದ ಲೆಕ್ಕ ತೆಗೆದು ನೋಡಿದರು. ಭೂಕಂಪಕ್ಕೆ ದಶಕಗಳ ಮೊದಲಿನಿಂದಲೇ ಬಿರುಕಿನ ಎರಡು ಬದಿಯ ನೆಲ ಎದುರುಬದುರು ದಿಕ್ಕಿಗೆ ಮೆಲ್ಲಗೆ ಸರಿಯುತ್ತಿತ್ತು, ಬಿರುಕಿನ ಹತ್ತಿರ ಮಾತ್ರ ಕಚ್ಚಿಕೊಂಡಿತ್ತು. ಹಸಿ ಬಿದಿರಿನ ದಬ್ಬೆಯನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸುತ್ತಾ ಹೋದರೆ ಕೈಯ ಬಲವೆಲ್ಲ ದಬ್ಬೆಯೊಳಗೆ ಕೂಡಿಕೊಳ್ಳುತ್ತದೆ. ಲಟಕ್ಕನೆ ಮುರಿದಾಗ ಎರಡೂ ತುಂಡು ನೆಟ್ಟಗಾಗುತ್ತವೆ, ಅಂಗೈಗೆ ಝುಂ ಎಂದು ಹತ್ತುತ್ತದೆ. ಆ ಝುಂ ಎಂಬುದೇ ಭೂಕಂಪ. ಮುರಿತ ಆಗುವುದು ಎಲ್ಲೋ ಆಳದಲ್ಲಿ, ನಮ್ಮನ್ನು ಬೀಳಿಸುವುದು ಅಲ್ಲಿಂದ ಹೊರಟ ನಡುಕ.

ಹಲಗೆಯ ಅಂಚು ಹಿಮಾಲಯದಲ್ಲಿದ್ದರೆ ನಡುಮಧ್ಯದ ದಖ್ಖನ್ನಿಗೆ ಏನು ಭಯ ಎಂದು ನಾವು ಬಹಳ ಕಾಲ ನೆಮ್ಮದಿಯಿಂದಿದ್ದೆವು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ನಾಲ್ಕಕ್ಕೆ ಸ್ವಲ್ಪ ಮೊದಲು ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆ ನೆಮ್ಮದಿ ಕುಸಿಯಿತು. ನಮ್ಮ ಬಸವಕಲ್ಯಾಣ, ಆಳಂದಗಳಿಗೆ ಕಿಲ್ಲಾರಿ ದೂರವೇನಲ್ಲ. ಗಣೇಶನನ್ನು ನೀರಿಗೆ ಬಿಟ್ಟು ಬಂದು ಮಲಗಿದ್ದ ಜನ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೇಸಿಗೆಯಲ್ಲಿ ಮನೆ ತಂಪಾಗಿರಲೆಂದು ಹಿರಿಯರು ಕಂಡುಕೊಂಡ ಕಟ್ಟಡ ಅದು, ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಇಂದಿಗೂ ಇದೆ. ಆ ಮಾಳಿಗೆಯೇ ಎದೆಯ ಮೇಲೆ ಬಿತ್ತು. ಭೂಕಂಪದ ಪ್ರಮಾಣ 6.2, ಜಗತ್ತಿನ ಲೆಕ್ಕದಲ್ಲಿ ಮಧ್ಯಮ ಗಾತ್ರದ್ದು. ಸತ್ತವರು ಎಂಟು ಸಾವಿರದಿಂದ ಹತ್ತು ಸಾವಿರ. ಅಂಚಿನಲ್ಲಿ ತಡೆದ ಒತ್ತಡ ಹಲಗೆಯ ಉದ್ದಕ್ಕೂ ಹರಿದು ಬಂದು ಒಳನಾಡಿನ ಹಳೆಯ ಬಿರುಕುಗಳನ್ನು ಹುಡುಕುತ್ತದೆ ಎಂಬುದನ್ನು ನಾವು ಕಲಿತದ್ದು ಅಷ್ಟು ಬೆಲೆ ತೆತ್ತು.

ಒಂದೇ ಪೆಟ್ಟು, ಇಬ್ಬರು ಓಟಗಾರರು

ಮುರಿತದ ಜಾಗದಿಂದ ಎರಡು ಬಗೆಯ ಅಲೆಗಳು ಭೂಮಿಯೊಳಗೆ ಹೊರಡುತ್ತವೆ. ಮುಂದಿನದೆಲ್ಲ ಇವೆರಡರ ವ್ಯತ್ಯಾಸದ ಮೇಲೆ ನಿಂತಿದೆ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ನಿಂತ ಗೂಡ್ಸ್ ರೈಲಿಗೆ ಎಂಜಿನ್ ಬಂದು ತಾಗಿದಾಗ ಆಗುವ ಸದ್ದು ನೆನಪಿಸಿಕೊಳ್ಳಿ. ಮೊದಲ ಬೋಗಿ ಎರಡನೆಯದನ್ನು ಗುದ್ದುತ್ತದೆ, ಎರಡನೆಯದು ಮೂರನೆಯದನ್ನು. ಧಡ್ ಧಡ್ ಧಡ್ ಎಂದು ಗುದ್ದು ಕೊನೆಯ ಬೋಗಿಯವರೆಗೆ ಓಡುತ್ತದೆ. ಪ್ರತಿ ಬೋಗಿಯೂ ಅಲುಗಿದ್ದು ಒಂದೆರಡು ಅಂಗುಲ, ಅದೂ ಓಟದ ದಿಕ್ಕಿನಲ್ಲೇ ಹಿಂದೆ ಮುಂದೆ. ಇದನ್ನು ‘ಒತ್ತಲೆ’ ಎನ್ನೋಣ. ಪಠ್ಯಪುಸ್ತಕದ ಪಿ ಅಲೆ ಅಥವಾ ಪ್ರಾಥಮಿಕ ಅಲೆ ಇದೇ.

ಇನ್ನೊಂದಕ್ಕೆ ಬಾವಿಯ ಹಗ್ಗ ಸಾಕು. ಒಂದು ತುದಿ ಕಂಬಕ್ಕೆ ಕಟ್ಟಿ, ಇನ್ನೊಂದು ತುದಿ ಹಿಡಿದು ಅಡ್ಡಕ್ಕೆ ಜಾಡಿಸಿ. ಹಾವಿನಂತೆ ಒಂದು ಬಳುಕು ಹಗ್ಗದ ಮೇಲೆ ಓಡುತ್ತದೆ. ಬಳುಕು ಮುಂದಕ್ಕೆ ಓಡಿದರೂ ಹಗ್ಗದ ಪ್ರತಿ ಎಳೆ ಆಡಿದ್ದು ಅಡ್ಡಕ್ಕೆ. ಇದು ‘ಕುಲುಕಲೆ’, ಪುಸ್ತಕದ ಎಸ್ ಅಲೆ.

ಒತ್ತಲೆ ವೇಗದ ಓಟಗಾರ, ನೆಲದ ಮೇಲ್ಪದರದಲ್ಲಿ ಸೆಕೆಂಡಿಗೆ ಸುಮಾರು 6 ಕಿ.ಮೀ. ಕುಲುಕಲೆ ಸುಮಾರು ಮೂರೂವರೆ. ದೊಡ್ಡ ಭೂಕಂಪ ಅನುಭವಿಸಿದವರು ಹೇಳುವುದು ಇದನ್ನೇ: ಮೊದಲು ಕೆಳಗಿನಿಂದ ಯಾರೋ ಗುದ್ದಿದ ಹಾಗಾಯಿತು, ಸ್ವಲ್ಪ ಹೊತ್ತಿನ ಮೇಲೆ ಮನೆಯೆಲ್ಲ ತೊಟ್ಟಿಲು ತೂಗಿದ ಹಾಗೆ ಅಲುಗಾಡಿತು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ ಮಳೆ ಎಷ್ಟು ದೂರದಲ್ಲಿದೆ ಎಂದು ರೈತರು ಹೇಳುತ್ತಾರಲ್ಲ, ಹಾಗೆಯೇ ಈ ಎರಡರ ನಡುವಿನ ಅಂತರದಿಂದ ಭೂಕಂಪ ಎಷ್ಟು ದೂರದಲ್ಲಾಯಿತು ಎಂದು ಹೇಳಬಹುದು. ಹತ್ತಿರದ ಭೂಕಂಪಗಳಿಗೆ ಒಂದು ಸೆಕೆಂಡಿನ ಅಂತರ ಸುಮಾರು 8 ಕಿ.ಮೀ.ಗೆ ಸಮ. ಮೂರು ಊರುಗಳ ದೂರ ಸಿಕ್ಕರೆ ನಕ್ಷೆಯ ಮೇಲೆ ಕೈವಾರದಿಂದ ಮೂರು ವೃತ್ತ ಎಳೆದು, ಅವು ಕೂಡುವಲ್ಲಿ ಬೆರಳಿಡಬಹುದು.

ಈ ಓಟಗಾರರಿಗಾಗಿ ಕಾದು ಕೂತ ಕಿವಿಗಳು ನಮ್ಮ ಗೌರಿಬಿದನೂರಿನಲ್ಲೂ ಇವೆ. 1965ರಲ್ಲಿ ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ ಬ್ರಿಟನ್ನಿನ ಸಹಕಾರದಿಂದ ಅಲ್ಲಿ ಇಪ್ಪತ್ತು ಕಂಪನಮಾಪಕಗಳನ್ನು ಇಂಗ್ಲಿಷಿನ ‘ಎಲ್’ ಅಕ್ಷರದ ಆಕಾರದಲ್ಲಿ ಸಾಲಾಗಿ ನೆಟ್ಟಿತು. ದೂರದೇಶಗಳು ನೆಲದಡಿಯಲ್ಲಿ ಮಾಡುವ ಅಣುಸ್ಫೋಟ ಪತ್ತೆಹಚ್ಚುವುದು ಉದ್ದೇಶ. ಆ ಭಾಗದ ಹಳೆಯ ಗಟ್ಟಿ ಬಂಡೆ ಸದ್ದಿಲ್ಲದ ಕೋಣೆಯಿದ್ದ ಹಾಗೆ, ಸಣ್ಣ ಪಿಸುಮಾತೂ ಕೇಳುತ್ತದೆ. ಕಿಲ್ಲಾರಿಯಿಂದ ಅಲ್ಲಿಗೆ ಸುಮಾರು 500 ಕಿ.ಮೀ. ಅಷ್ಟು ದೂರವನ್ನು ಒತ್ತಲೆ ಒಂದು ನಿಮಿಷ ಚಿಲ್ಲರೆಯಲ್ಲಿ, ಕುಲುಕಲೆ ಎರಡು ನಿಮಿಷದಲ್ಲಿ ಓಡುತ್ತದೆ.

ಶಿಲ್ಲಾಂಗ್ ಬಿದ್ದ ಸಂಜೆ

ದೂರದ ಭೂಕಂಪ ಭೂಮಿಯ ಆಚೆ ಬದಿಯಲ್ಲೂ ದಾಖಲಾಗುತ್ತದೆ ಎಂಬುದೇ 1889ರವರೆಗೆ ಯಾರಿಗೂ ಗೊತ್ತಿರಲಿಲ್ಲ. ಆ ವರ್ಷದ ಏಪ್ರಿಲ್ 17ರಂದು ಜರ್ಮನಿಯ ಪಾಟ್ಸ್‌ಡಾಮ್‌ನಲ್ಲಿ ಎರ್ನ್‌ಸ್ಟ್ ಫಾನ್ ರೆಬೋರ್-ಪಾಶ್‌ವಿಟ್ಸ್ ಎಂಬ ಖಗೋಳ ವಿಜ್ಞಾನಿಯ ಸೂಕ್ಷ್ಮ ಲೋಲಕ ಕಾರಣವಿಲ್ಲದೆ ತೂಗಾಡಿತು. ಅದೇ ದಿನ ಜಪಾನಿನಲ್ಲಿ ಭೂಕಂಪವಾದ ಸುದ್ದಿ ಅವರು ಆಮೇಲೆ ಓದಿದರು, ಎರಡನ್ನೂ ಜೋಡಿಸಿದರು.

ಎಂಟು ವರ್ಷದ ಮೇಲೆ, 1897ರ ಜೂನ್ 12ರ ಸಂಜೆ ಐದೂಕಾಲರ ಸುಮಾರಿಗೆ, ಅಸ್ಸಾಂ ಸೀಮೆಯಲ್ಲಿ ಎಂಟರ ಆಸುಪಾಸಿನ ಪ್ರಮಾಣದ ಭೂಕಂಪವಾಯಿತು. ಶಿಲ್ಲಾಂಗಿನ ಕಲ್ಲಿನ ಕಟ್ಟಡಗಳು ನೆಲಸಮವಾದವು. ನೆಲದಲ್ಲಿ ಹುಗಿದುಕೊಂಡಿದ್ದ ಬಂಡೆಗಳು ತಮ್ಮ ಗುಂಡಿಯ ಅಂಚನ್ನೂ ಕೆಡಿಸದೆ ಮೇಲೆ ಹಾರಿ ಬಿದ್ದಿದ್ದವು. ಸುಮಾರು ಒಂದೂವರೆ ಸಾವಿರ ಜನ ಸತ್ತರು. ಇದನ್ನು ಪರಿಶೀಲಿಸಲು ಹೋದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್. ಅವರು ಬಿದ್ದ ಗೋಡೆ, ಬಿರಿದ ನೆಲ ಎಲ್ಲವನ್ನೂ ಅಳೆದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಅದೊಂದು ಒಳ್ಳೆಯ ಸರ್ಕಾರಿ ವರದಿಯಾಗಿ ಉಳಿಯುತ್ತಿತ್ತು. ಯುರೋಪಿನ ಉಪಕರಣಗಳು ಆ ದಿನ ಗೀಚಿದ ಗೆರೆಗಳನ್ನೂ ತರಿಸಿಕೊಂಡು ನೋಡಿದ್ದು ಅವರ ದೊಡ್ಡತನ. ಆ ಗೆರೆಗಳಲ್ಲಿ ಮೊದಲು ಬಂದದ್ದು, ಆಮೇಲೆ ಬಂದದ್ದು, ಕೊನೆಗೆ ಭೂಮಿಯ ಮೈಮೇಲೆ ಸುತ್ತಿ ಬಂದದ್ದು ಎಂದು ಮೂರು ಕಂತು ಬೇರೆ ಬೇರೆಯಾಗಿ ಕಂಡವು. ಒತ್ತಲೆ, ಕುಲುಕಲೆಗಳನ್ನು ನಿಜವಾದ ದಾಖಲೆಯಲ್ಲಿ ಬೇರ್ಪಡಿಸಿ ಗುರುತಿಸಿದ್ದು ಹಾಗೆ, ನಮ್ಮ ನೆಲದ ಭೂಕಂಪದಿಂದ.

ಓಲ್ಡ್‌ಹ್ಯಾಮ್ ಮುಂದೆ ಬೇರೆ ಬೇರೆ ಭೂಕಂಪಗಳ ಲೆಕ್ಕ ಕೂಡಿಸುತ್ತಾ ಹೋದರು. ಭೂಮಿಯ ಆಚೆ ಬದಿಗೆ ಹೋದಂತೆ ಕುಲುಕಲೆ ಎಂದು ಅವರು ಗುರುತಿಸಿದ್ದು ಬರಬೇಕಾದ ಹೊತ್ತಿಗಿಂತ ತುಂಬಾ ತಡವಾಗಿ ಬರುತ್ತಿತ್ತು. ಆಳದಲ್ಲಿ ಬೇರೆಯದೇ ಆದ ಏನೋ ಇದೆ, ಅಲೆ ಅದನ್ನು ಹಾದು ಬರುವಾಗ ಸೊರಗುತ್ತಿದೆ. ಭೂಮಿಗೆ ಒಂದು ತಿರುಳಿದೆ ಎಂದು ಭೂಕಂಪದ ಸಾಕ್ಷಿ ಮುಂದಿಟ್ಟು ಅವರು ಹೇಳಿದ್ದು 1906ರಲ್ಲಿ.

ಹಳ್ಳಿ ರಸ್ತೆ, ಎಕ್ಸ್‌ಪ್ರೆಸ್ ಹೆದ್ದಾರಿ

ನಡುವಿನ ತಿರುಳು ಮೊದಲು ಸಿಕ್ಕಿತು, ಕಾಲಡಿಯ ಚಿಪ್ಪಿನ ದಪ್ಪ ಸಿಕ್ಕಿದ್ದು ಅದರ ನಂತರ. 1909ರ ಅಕ್ಟೋಬರ್ 8ರಂದು ಕ್ರೊಯೇಷಿಯಾದ ಕೂಪಾ ಕಣಿವೆಯಲ್ಲಿ ಭೂಕಂಪವಾಯಿತು. ಹತ್ತಿರದ ಝಾಗ್ರೆಬ್ ನಗರದಲ್ಲಿದ್ದ ಆಂದ್ರಿಯಾ ಮೊಹೊರೊವಿಚಿಚ್ ಸುತ್ತಲಿನ ಊರುಗಳ ದಾಖಲೆ ಕೂಡಿಸಿದಾಗ ಒಂದು ವಿಚಿತ್ರ ಕಂಡಿತು. ಒಂದೇ ಭೂಕಂಪದ ಒತ್ತಲೆ ಕೆಲವು ಊರುಗಳಿಗೆ ಎರಡು ಸಲ ಬಂದಿತ್ತು. ಹತ್ತಿರದ ಊರುಗಳಲ್ಲಿ ನಿಧಾನದ ಒತ್ತಲೆ ಮೊದಲು, ದೂರದ ಊರುಗಳಲ್ಲಿ ವೇಗದ ಒತ್ತಲೆ ಮೊದಲು.

ಬೆಂಗಳೂರಿನಿಂದ ಮೈಸೂರು ಕಡೆ ಹೊರಟವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಪಕ್ಕದ ಊರಿಗೆ ಹೋಗಬೇಕೆಂದರೆ ಹಳೆಯ ರಸ್ತೆಯಲ್ಲೇ ಹೋದರೆ ಬೇಗ. ದೂರ ಹೋಗುವವರು ಸುತ್ತಿ ಹೋಗಿಯಾದರೂ ಎಕ್ಸ್‌ಪ್ರೆಸ್ ಹೆದ್ದಾರಿ ಹತ್ತಿದರೆ, ಹಳೆಯ ರಸ್ತೆಯಲ್ಲಿ ಮೊದಲೇ ಹೊರಟವರನ್ನೂ ಹಿಂದೆ ಹಾಕುತ್ತಾರೆ. ಹತ್ತಾರು ಕಿಲೋಮೀಟರ್ ಕೆಳಗೆ ಅಲೆ ಇನ್ನೂ ವೇಗವಾಗಿ ಓಡಬಲ್ಲ, ಬೇರೆ ಬಗೆಯ ಬಂಡೆ ಇದೆ, ಅದೇ ಹೆದ್ದಾರಿ. ಮೇಲಿನ ಚಿಪ್ಪು ಎಲ್ಲಿ ಮುಗಿದು ಕೆಳಗಿನ ಪದರ ಎಲ್ಲಿ ಶುರುವಾಗುತ್ತದೆ ಎಂಬ ಗೆರೆ ಹೀಗೆ ಸಿಕ್ಕಿತು. ಆ ಗೆರೆಗೆ ಮೊಹೊರೊವಿಚಿಚ್ ಅವರದೇ ಹೆಸರು, ಮೊಟಕಾಗಿ ‘ಮೊಹೊ’. ಕೋಲಾರದ ಕಡೆ ಅದು ಸುಮಾರು 35 ಕಿ.ಮೀ. ಆಳದಲ್ಲಿದೆ, ಪಡುವಣಕ್ಕೆ ಹೋದಂತೆ 40 ದಾಟಿ 50ರ ಹತ್ತಿರ ಹೋಗುತ್ತದೆ, ಟಿಬೆಟ್ಟಿನ ಕೆಳಗೆ 70. ಸಮುದ್ರದ ತಳದಲ್ಲಿ ಮಾತ್ರ ಚಿಪ್ಪಿನ ದಪ್ಪ ಆರೇಳು ಕಿ.ಮೀ.

ನಮ್ಮ ರೈಲಿನ ಲೆಕ್ಕದಲ್ಲಿ ಕೋಲಾರದ ಕಡೆಯ ಇಡೀ ಚಿಪ್ಪು ಒಂದು ಕಿಲೋಮೀಟರ್ ಕೂಡ ಇಲ್ಲ. ಗಾಡಿ ಇನ್ನೂ ಬೆಂಗಳೂರಿನ ಯಾರ್ಡಿನಲ್ಲೇ ಇದೆ.

ಹಾಲುಬಾಯಿ ಮತ್ತು ಹಾಲು

ಈಗ ತುಂಬಾ ಜನ ನಂಬಿರುವ ಒಂದು ತಪ್ಪನ್ನು ತೆಗೆಯಬೇಕು. ಚಿಪ್ಪಿನ ಕೆಳಗೆಲ್ಲ ಕುದಿಯುವ ಲಾವಾ ತುಂಬಿದೆ, ಜ್ವಾಲಾಮುಖಿಯ ಬಾಯಲ್ಲಿ ಅದೇ ಉಕ್ಕುತ್ತದೆ ಎಂಬ ನಂಬಿಕೆ. ಹಾಗಿಲ್ಲ. ಚಿಪ್ಪಿನ ಕೆಳಗಿನ ದಪ್ಪ ಪದರ, ಪುಸ್ತಕದಲ್ಲಿ ಮ್ಯಾಂಟಲ್ ಎನ್ನುತ್ತಾರಲ್ಲ ಅದು, ಗಟ್ಟಿ ಬಂಡೆ. ಸಾಕ್ಷಿ ಹೇಳುವುದು ಕುಲುಕಲೆ.

ಅಕ್ಕಿ, ಕಾಯಿ, ಬೆಲ್ಲ ಅರೆದು ಕಾಯಿಸಿ ತಟ್ಟೆಗೆ ಸುರಿದ ಹಾಲುಬಾಯಿ ಆರಿ ಗಟ್ಟಿಯಾದ ಮೇಲೆ ಅದರ ಒಂದು ಅಂಚನ್ನು ಬೆರಳಿನಿಂದ ಅಡ್ಡಕ್ಕೆ ಅಲುಗಿಸಿ. ಆಚೆ ಅಂಚಿನವರೆಗೆ ಪುಳಪುಳನೆ ಕುಲುಕುತ್ತದೆ. ಒಂದು ಕಣ ಪಕ್ಕದ ಕಣವನ್ನು ಹಿಡಿದುಕೊಂಡಿದೆ; ತಾನು ಅಡ್ಡಕ್ಕೆ ಸರಿದರೆ ಪಕ್ಕದ್ದನ್ನೂ ಎಳೆಯುತ್ತದೆ. ಅದೇ ತಟ್ಟೆಯಲ್ಲಿ ಹಾಲು ತುಂಬಿ, ಬೆರಳು ಒಳಗಿಟ್ಟು ಅಡ್ಡಕ್ಕೆ ಆಡಿಸಿ. ಬೆರಳಿನ ಹತ್ತಿರದ ಹಾಲು ಜಾರಿಕೊಳ್ಳುತ್ತದೆ, ಆ ಕುಲುಕು ಹಾಲಿನೊಳಗೆ ಮುಂದಕ್ಕೆ ಸಾಗುವುದೇ ಇಲ್ಲ. ದ್ರವಕ್ಕೆ ಪಕ್ಕದವರ ಕೈ ಹಿಡಿಯುವ ಗುಣವಿಲ್ಲ. ಗುದ್ದಿದರೆ ಮಾತ್ರ ದ್ರವವೂ ಗುದ್ದನ್ನು ದಾಟಿಸುತ್ತದೆ. ಅಂದರೆ ಒತ್ತಲೆ ಗಟ್ಟಿಯಲ್ಲೂ ದ್ರವದಲ್ಲೂ ಹಾಯುತ್ತದೆ, ಕುಲುಕಲೆ ಗಟ್ಟಿಯಲ್ಲಿ ಮಾತ್ರ.

ಮ್ಯಾಂಟಲ್ ಉದ್ದಕ್ಕೂ ಕುಲುಕಲೆ ಆರಾಮವಾಗಿ ಹಾಯುತ್ತದೆ. ಆದ್ದರಿಂದ ಅದು ಗಟ್ಟಿ. ಅಲ್ಲಲ್ಲಿ ಸ್ವಲ್ಪ ಸ್ವಲ್ಪ ಕರಗುತ್ತದೆ, ಜ್ವಾಲಾಮುಖಿಗೆ ಅಷ್ಟು ಸಾಕು. ಗಟ್ಟಿಯಾಗಿದ್ದೂ ಅದು ಹರಿಯುತ್ತದೆ ಎಂದರೆ ಗಲಿಬಿಲಿಯಾಗಬಹುದು. ರಸ್ತೆ ಬದಿಯ ಡಾಂಬರಿನ ಗಡ್ಡೆಯನ್ನು ನೋಡಿ: ಮುಂಜಾನೆಯ ಚಳಿಯಲ್ಲಿ ಕಲ್ಲಿನಿಂದ ಹೊಡೆದರೆ ಚೂರಾಗುತ್ತದೆ, ಸುಮ್ಮನೆ ಬಿಟ್ಟರೆ ತಿಂಗಳುಗಳಲ್ಲಿ ಮೆಲ್ಲಗೆ ಹರಡಿಕೊಳ್ಳುತ್ತದೆ. ಕ್ಷಣದಲ್ಲಿ ಹಾದುಹೋಗುವ ಅಲೆಗೆ ಮ್ಯಾಂಟಲ್ ಕಲ್ಲು. ಲಕ್ಷಾಂತರ ವರ್ಷದ ಕಣ್ಣಲ್ಲಿ ಅದು ಹರಿಯುವ ಪದಾರ್ಥ, ಅದರ ಮೇಲೆಯೇ ನಮ್ಮ ಹಲಗೆಗಳು ಸರಿಯುವುದು.

ಆದರೆ ಭೂಕಂಪದಿಂದ ಸುಮಾರು 11,500 ಕಿ.ಮೀ.ಗಿಂತ ದೂರದ ಊರುಗಳಿಗೆ ಕುಲುಕಲೆ ನೇರವಾಗಿ ಬರುವುದೇ ಇಲ್ಲ. ಅಷ್ಟು ದೂರ ತಲುಪಬೇಕಾದರೆ ಅಲೆ ಆಳದ ತಿರುಳನ್ನು ಹಾಯಲೇಬೇಕು, ಅಲ್ಲಿ ಅದು ಸಾಯುತ್ತದೆ. ತಡವಾಗಿ ಬಂತೆಂದು ಓಲ್ಡ್‌ಹ್ಯಾಮ್ ಅಂದುಕೊಂಡ ಅಲೆ ಬಂದೇ ಇರಲಿಲ್ಲ. ಒತ್ತಲೆ ಹಾಯುತ್ತದೆ, ಆದರೆ ನೀರು ತುಂಬಿದ ಗಾಜಿನ ಬುರುಡೆಯೊಳಗೆ ಹೊಕ್ಕ ಬೆಳಕಿನಂತೆ ಬಾಗಿ ಬೇರೆಡೆ ಬೀಳುತ್ತದೆ. ಹಾಗಾಗಿ 11,500ರಿಂದ ಸುಮಾರು 15,800 ಕಿ.ಮೀ.ವರೆಗಿನ ಒಂದು ಪಟ್ಟಿಗೆ ಒತ್ತಲೆಯೂ ನೇರ ಬರುವುದಿಲ್ಲ. ಅದು ತಿರುಳಿನ ನೆರಳು. ಗೋಡೆಯ ಮೇಲಿನ ನೆರಳು ನೋಡಿ ಬಿಂದಿಗೆಯ ಗಾತ್ರ ಹೇಳುವಂತೆ, ಈ ನೆರಳಿನಿಂದ ಜರ್ಮನಿಯ ಬೇನೋ ಗುಟೆನ್‌ಬರ್ಗ್ ಮೊದಲ ಮಹಾಯುದ್ಧದ ಹೊತ್ತಿಗೆ ಲೆಕ್ಕ ಹಾಕಿದರು: ತಿರುಳು ಶುರುವಾಗುವುದು 2,900 ಕಿ.ಮೀ. ಆಳದಲ್ಲಿ. ನಾನು ಉರು ಹೊಡೆದ ಅಂಕಿ. ಅದು ದ್ರವವೇ ಎಂದು ಇಂಗ್ಲೆಂಡಿನ ಹೆರಾಲ್ಡ್ ಜೆಫ್ರೀಸ್ 1926ರಲ್ಲಿ ತೋರಿಸಿದರು. ಕರಗಿದ ಕಬ್ಬಿಣ, ಜೊತೆಗೆ ನಿಕ್ಕಲ್. ದಿಕ್ಸೂಚಿಯ ಮುಳ್ಳನ್ನು ಉತ್ತರಕ್ಕೆ ತಿರುಗಿಸುವುದು ಅದರ ಸುಳಿದಾಟವೇ.

ರೈಲು ಈಗ ಚನ್ನಪಟ್ಟಣ ದಾಟಿ ಮದ್ದೂರಿನ ದಾರಿಯಲ್ಲಿದೆ. ಅಲ್ಲಿ ಬಂಡೆ ಮುಗಿದು ಕಬ್ಬಿಣದ ಕಡಲು ಶುರು.

ನೆರಳಿನೊಳಗೆ ಒಂದು ಮಿಣುಕು

1929ರ ಜೂನ್ 17ರಂದು ನ್ಯೂಜಿಲೆಂಡಿನ ಮರ್ಚಿಸನ್‌ನಲ್ಲಿ ಭೂಕಂಪವಾಗಿ ಹದಿನೇಳು ಜನ ಸತ್ತರು, ಹೆಚ್ಚಿನವರು ಕುಸಿದ ಗುಡ್ಡಗಳ ಕೆಳಗೆ. ಯುರೋಪು ಅದಕ್ಕೆ ಭೂಮಿಯ ಆಚೆ ಬದಿ, ಅಲೆಗಳು ತಿರುಳನ್ನು ಹಾದೇ ಬರಬೇಕು. ಕೋಪನ್‌ಹೇಗನ್‌ನಲ್ಲಿ ಇಂಗೆ ಲೇಮನ್ ಎಂಬಾಕೆ ಆ ದಾಖಲೆಗಳನ್ನು ನೋಡುತ್ತಿದ್ದರು. ಏನೂ ಬರಬಾರದ ನೆರಳಿನ ಪಟ್ಟಿಯಲ್ಲಿ ಒತ್ತಲೆಯ ಸಣ್ಣ ಗುರುತುಗಳು ಇದ್ದವು. ಉಪಕರಣದ ದೋಷ ಎಂದೋ, ಬೇರೆ ದಾರಿಯಲ್ಲಿ ತಪ್ಪಿ ಬಂದ ಅಲೆ ಎಂದೋ ತಳ್ಳಿಹಾಕುವುದು ಸುಲಭವಿತ್ತು. ಲೇಮನ್ ತಳ್ಳಿಹಾಕಲಿಲ್ಲ.

ಗಣಕಯಂತ್ರವಿಲ್ಲದ ಕಾಲ. ಓಟ್ಸ್ ಹಿಟ್ಟಿನ ಖಾಲಿ ರಟ್ಟಿನ ಡಬ್ಬಗಳಲ್ಲಿ ಚೀಟಿಗಳನ್ನು ತುಂಬಿಟ್ಟು, ಒಂದೊಂದರ ಮೇಲೂ ಭೂಕಂಪದ ಹೊತ್ತು, ಅಲೆ ತಲುಪಿದ ಹೊತ್ತು ಬರೆದು, ಮನೆಯ ತೋಟದಲ್ಲಿ ಮೇಜು ಹಾಕಿಕೊಂಡು ಅವರು ಲೆಕ್ಕ ಮಾಡುತ್ತಿದ್ದುದನ್ನು ಅವರ ಸಂಬಂಧಿಯೊಬ್ಬರು ನೆನಪಿಸಿಕೊಂಡಿದ್ದಾರೆ. ನನಗೆ ವಿಜ್ಞಾನದ ಚರಿತ್ರೆಯಲ್ಲಿ ಇದಕ್ಕಿಂತ ಪ್ರಿಯವಾದ ಚಿತ್ರವಿಲ್ಲ. ಮೇಲೆ ಬಿಸಿಲು, ಮುಂದೆ ರಟ್ಟಿನ ಡಬ್ಬ, ಕೈಯಲ್ಲಿ ಭೂಮಿಯ ನಡುಬಿಂದು.

1936ರಲ್ಲಿ ಅವರು ಹೇಳಿದರು: ದ್ರವದ ತಿರುಳಿನೊಳಗೆ ಇನ್ನೊಂದು ತಿರುಳಿದೆ. ಅಲೆ ಅದಕ್ಕೆ ತಾಗಿ ಸಿಡಿದದ್ದರಿಂದಲೇ ನೆರಳಿನೊಳಗೆ ಆ ಮಿಣುಕು. ತೆಂಗಿನಕಾಯಿಯ ನೀರಿನಲ್ಲಿ ಮೊಳಕೆಯ ಬೊಂಡು ಕೂತಿರುವಂತೆ ಕರಗಿದ ಕಬ್ಬಿಣದ ನಡುವೆ ಒಂದು ಗುಂಡು, 5,150 ಕಿ.ಮೀ. ಆಳದಿಂದ ನಟ್ಟನಡುವಿನವರೆಗೆ, ಚಂದ್ರನಿಗಿಂತ ಚಿಕ್ಕದು. ರೈಲು ಮಂಡ್ಯ ಬಿಟ್ಟು ಪಾಂಡವಪುರ ತಲುಪುವ ಮೊದಲೇ ಅದು ಎದುರಾಗುತ್ತದೆ. ಲೇಮನ್ 104 ವರ್ಷ ಬದುಕಿ 1993ರ ಫೆಬ್ರುವರಿಯಲ್ಲಿ ತೀರಿಕೊಂಡರು, ಕಿಲ್ಲಾರಿ ಬೀಳುವ ಏಳು ತಿಂಗಳ ಮೊದಲು.

ಗಂಟೆ

ಆ ಒಳಗುಂಡು ಗಟ್ಟಿಯೇ ಎಂದು ಖಚಿತವಾಗಲು ಇನ್ನೂ 35 ವರ್ಷ ಹಿಡಿಯಿತು. ಅದಕ್ಕೆ ಬೇಕಾದದ್ದು ಹಾದುಹೋಗುವ ಅಲೆಯಲ್ಲ, ಮಡಕೆಯ ಟಣ್ ನಾದ. ದೇವಸ್ಥಾನದ ಗಂಟೆಗೆ ಒಮ್ಮೆ ಹೊಡೆದು ಬಿಟ್ಟರೆ ಹೊಡೆತ ಮುಗಿದ ಮೇಲೂ ಅದು ಗುಂಯ್ಗುಡುತ್ತದೆ, ಆ ನಾದ ಗಂಟೆಯ ಲೋಹವನ್ನೂ ದಪ್ಪವನ್ನೂ ಹೇಳುತ್ತದೆ. 1960ರ ಮೇ 22ರಂದು ಚಿಲಿಯಲ್ಲಿ 9.5 ಪ್ರಮಾಣದ ಭೂಕಂಪವಾಯಿತು, ಉಪಕರಣಗಳು ಅಳೆದವುಗಳಲ್ಲೇ ಅತಿ ದೊಡ್ಡದು. ಇಡೀ ಭೂಮಿ ಗಂಟೆಯಂತೆ ಗುಂಯ್ಗುಟ್ಟಿದ್ದು ಆಗ ಮೊದಲ ಬಾರಿಗೆ ಸ್ಪಷ್ಟವಾಗಿ ದಾಖಲಾಯಿತು. ಅದರ ಅತ್ಯಂತ ಕೆಳಗಿನ ಸ್ವರದ ಒಂದು ಸುತ್ತಿಗೆ 54 ನಿಮಿಷ. ಮನುಷ್ಯರ ಕಿವಿಗೆ ಕೇಳುವ ನಾದವಲ್ಲ. ಇಂಥ ಸ್ವರಗಳನ್ನು ಒಂದೊಂದಾಗಿ ಬಿಡಿಸಿ, 1971ರಲ್ಲಿ ಆಡಂ ಜಿವೊನ್‌ಸ್ಕಿ ಮತ್ತು ಫ್ರೀಮನ್ ಗಿಲ್ಬರ್ಟ್ ತೋರಿಸಿದರು: ಒಳಗುಂಡು ದ್ರವವಾಗಿದ್ದರೆ ಈ ಸ್ವರಗಳು ಹೀಗೆ ಬರಲಾರವು. ಅದು ಗಟ್ಟಿ. ಐದು ಸಾವಿರ ಡಿಗ್ರಿಗೂ ಮೇಲ್ಪಟ್ಟ ಬಿಸಿಯಲ್ಲೂ ಗಟ್ಟಿ, ಏಕೆಂದರೆ ಮೇಲಿನ ಇಡೀ ಭೂಮಿಯ ಭಾರ ಅದನ್ನು ಕರಗಲು ಬಿಡುವುದಿಲ್ಲ. 2004ರ ಡಿಸೆಂಬರ್ 26ರ ಸುಮಾತ್ರಾ ಭೂಕಂಪದ ಬಳಿಕವೂ ಭೂಮಿ ಹೀಗೆಯೇ ವಾರಗಟ್ಟಲೆ ಗುಂಯ್ಗುಡುತ್ತಿತ್ತು. ಸುನಾಮಿ ಬಡಿದ ನಾಗಪಟ್ಟಣದ ದಡದಲ್ಲಿ ಜನ ಹೆಣಗಳನ್ನು ಹುಡುಕುತ್ತಿದ್ದ ಅದೇ ದಿನಗಳಲ್ಲಿ.

ಇಷ್ಟನ್ನೂ ಅವಳಿಗೆ ಹೇಳಲಿಲ್ಲ. ಪೆನ್ಸಿಲ್ ಕೊಟ್ಟು, ಪ್ರತಿ ವೃತ್ತದ ಗೆರೆಯ ಪಕ್ಕ ಒಂದು ಊರು, ಒಂದು ಇಸವಿ ಬರೆಯಲು ಹೇಳಿದೆ. ಹೊರಗಿನ ಗೆರೆಗೆ ಕೂಪಾ ಕಣಿವೆ, 1909. ಕಿತ್ತಳೆ ಬಣ್ಣ ಮುಗಿಯುವಲ್ಲಿ ಅಸ್ಸಾಂ, 1897. ಹಳದಿ ಗುಂಡಿನ ಅಂಚಿಗೆ ಮರ್ಚಿಸನ್, 1929. ಗುಂಡಿನೊಳಗೆ ಚಿಲಿ, 1960. ಬರೆದು ಮುಗಿಸಿ ಕೇಳಿದಳು: “ಕಿಲ್ಲಾರಿ ಎಲ್ಲಿ ಬರೀಲಿ?”

ಕಿಲ್ಲಾರಿಯಲ್ಲಿ ಬಂಡೆ ಮುರಿದದ್ದು ಹತ್ತು ಕಿಲೋಮೀಟರ್‌ಗಿಂತ ಕಡಿಮೆ ಆಳದಲ್ಲಿ. ಹೊರಗೆರೆಯ ಮೇಲೆಯೇ ಒಂದು ಚುಕ್ಕೆ ಇಡು ಎಂದೆ. ಎಷ್ಟೇ ಚೂಪಾಗಿ ಕೆತ್ತಿದ ಪೆನ್ಸಿಲ್ ಆದರೂ ಚುಕ್ಕೆ ಆ ಆಳಕ್ಕಿಂತ ದಪ್ಪವಾಗಿಯೇ ಬಿತ್ತು.